ವೆಲ್ಡಿಂಗ್‌ನಿಂದ ಕಣ್ಣು ಉರಿಯುತ್ತಿದೆ. ಆಸ್ಪತ್ರೆಯಲ್ಲಿ ಹಾಕಿದ ನೋವು ನಿಲ್ಲಿಸುವ ಡ್ರಾಪ್ಸ್ ಯಾವುದು, ಮನೆಯಲ್ಲಿ ಹಾಕಿಕೊಳ್ಳಬಹುದೇ?

ಇದೇ ಪ್ರಶ್ನೆಯನ್ನು ನಾನು ಪೀಣ್ಯದ ಮೆಡಿಕಲ್ ಸ್ಟೋರ್ ಒಂದರಲ್ಲಿ ಕೇಳಿದ್ದೆ. ದುರದೃಷ್ಟವಶಾತ್ ಅಲ್ಲಿ ಉತ್ತರವೂ ಸಿಕ್ಕಿತು, ಬಾಟಲಿಯೂ ಸಿಕ್ಕಿತು.

ಆಗ ನಾನು ಗ್ರಿಲ್ ಮತ್ತು ಗೇಟು ಮಾಡುವ ಶೆಡ್ಡಿನಲ್ಲಿದ್ದೆ. ಟ್ಯಾಕ್ (ತುಂಡುಗಳನ್ನು ಹಿಡಿದಿಡುವ ಚಿಕ್ಕ ಬೆಸುಗೆ) ಹಾಕುವಾಗ ಶೀಲ್ಡ್ ಹಿಡಿಯಬೇಕಾಗಿಲ್ಲ, ಮುಖ ತಿರುಗಿಸಿದರೆ ಸಾಕು ಎಂಬುದು ನಮ್ಮಲ್ಲಿನ ರೂಢಿ. ವೆಲ್ಡಿಂಗ್‌ನ ಉರಿಬೆಳಕಾದ ಆರ್ಕ್‌ನ ನೇರಳಾತೀತ ಕಿರಣ ಕಣ್ಣನ್ನು ಸುಟ್ಟದ್ದು ಆ ಕ್ಷಣಕ್ಕೆ ತಿಳಿಯುವುದಿಲ್ಲ. ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ, ಮಲಗಿದ ಹೊತ್ತಿನಲ್ಲಿ, ಕಣ್ಣಿಗೆ ಮರಳು ಎರಚಿದಂತಾಗುತ್ತದೆ. ಕ್ಲಿನಿಕ್ಕಿನಲ್ಲಿ ಪ್ರೊಪ್ಯಾರಕೇನ್ ಎಂಬ ಅರಿವಳಿಕೆ ಹನಿ ಹಾಕಿದ ಅರ್ಧ ನಿಮಿಷದಲ್ಲಿ ಉರಿ ನಿಂತಿತು. ಅವರು ಬರೆದುಕೊಟ್ಟ ಮುಲಾಮನ್ನು ಬಿಟ್ಟು ನಾನು ಆ ಹನಿಯ ಬೆನ್ನು ಹತ್ತಿದೆ.

ಅದು ಏಕೆ ತಪ್ಪು ಎಂಬುದನ್ನು ಬಿಡಿಸಿಯೇ ಹೇಳುತ್ತೇನೆ. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಮೇಲ್ಮೈ ಸುಟ್ಟಾಗ ಸುತ್ತಲಿನ ಜೀವಕೋಶಗಳು ಸರಿದು ಬಂದು, ಹೆಚ್ಚಾಗಿ ಒಂದರಿಂದ ಮೂರು ದಿನಗಳಲ್ಲಿ, ಗಾಯವನ್ನು ತಾವಾಗಿಯೇ ಮುಚ್ಚುತ್ತವೆ. ಪದೇಪದೇ ಹಾಕಿದ ಅರಿವಳಿಕೆ ಹನಿ ಆ ಕೋಶಗಳ ಚಲನೆಯನ್ನೇ ತಡೆಯುತ್ತದೆ; ರೆಪ್ಪೆ ಬಡಿಯುವುದೂ ಕಣ್ಣೀರು ಸುರಿಯುವುದೂ ಕಡಿಮೆಯಾಗಿ ಕಣ್ಣಿನ ಪಸೆ ಆರಿ ಗಾಯ ಇನ್ನಷ್ಟು ಕೆಡುತ್ತದೆ. ಹನಿಯ ಪ್ರಭಾವ ಇರುವುದು ಕಾಲು ಗಂಟೆಯ ಆಸುಪಾಸು. ಅದು ಇಳಿದಾಗ ಕೆಡುತ್ತಿರುವ ಗಾಯದ ನೋವು ಮೊದಲಿಗಿಂತ ಹೆಚ್ಚಾಗಿರುತ್ತದೆ, ಆದ್ದರಿಂದ ಕೈ ಮತ್ತೆ ಬಾಟಲಿಗೆ ಹೋಗುತ್ತದೆ. ನೋವು ನಿಂತದ್ದನ್ನೇ ನಾನು ವಾಸಿಯಾಗುತ್ತಿರುವ ಲಕ್ಷಣವೆಂದು ಎಣಿಸಿದೆ. ತಾನಾಗಿ ಮಾಯಬೇಕಿದ್ದ ಗಾಯ ಹುಣ್ಣಾಗಿ, ಬಲಗಣ್ಣಿನ ಕಪ್ಪು ಗುಡ್ಡೆಯ ಮೇಲೆ ಬಿಳಿಯ ಉಂಗುರ ಮೂಡಿತು. ಅಂತಹ ಉಂಗುರ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯ ಸೋಂಕಿನಲ್ಲೂ ಕಾಣಿಸುತ್ತದೆ. ನಾನು ಬೈಗುಳಕ್ಕೆ ಹೆದರಿ ಡ್ರಾಪ್ಸ್ ವಿಷಯ ಮುಚ್ಚಿಟ್ಟಿದ್ದರಿಂದ, ವೈದ್ಯರು ಸೋಂಕೆಂದೇ ಭಾವಿಸಿ ಔಷಧ ಕೊಟ್ಟರು, ನಾನು ಮನೆಗೆ ಬಂದು ಮತ್ತೆ ಹನಿ ಹಾಕಿಕೊಂಡೆ. ಈಗ ಆ ಕಣ್ಣಿನಲ್ಲಿ ಕಲೆ ಉಳಿದಿದೆ, ಸ್ಕೇಲಿನ ಗೀಟುಗಳು ಕಾಣುವುದಿಲ್ಲ, ವೆಲ್ಡಿಂಗ್ ಬಿಟ್ಟಿದ್ದೇನೆ.

ಆದಕಾರಣ, ಯಾವ ಡ್ರಾಪ್ಸ್ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಈ ಔಷಧಗಳು ಕೆಟ್ಟವಲ್ಲ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದಂದಿನಿಂದ ಕಣ್ಣಿನ ಚಿಕಿತ್ಸೆಗೆ ಇವು ಬೇಕೇ ಬೇಕು: ಕಬ್ಬಿಣದ ಚೂರು ತೆಗೆಯಲು, ಕಣ್ಣಿನ ಒತ್ತಡ ಅಳೆಯಲು, ಪೊರೆಯ ಶಸ್ತ್ರಚಿಕಿತ್ಸೆಗೆ. ಮೂತ್ರದ ನಳಿಕೆ ಹಾಕುವಾಗ ಲಿಗ್ನೋಕೇನ್ ಜೆಲ್ಲಿ, ಮಕ್ಕಳಿಗೆ ಸೂಜಿ ಚುಚ್ಚುವ ಗಂಟೆ ಮೊದಲು ಹಚ್ಚುವ ಕ್ರೀಮು ಕೂಡ ಇದೇ ಬಗೆಯವು. ಇವೆಲ್ಲ ವೈದ್ಯರ ಕೈ ಕೆಲಸ ಮಾಡುವ ಹೊತ್ತಿಗೆ ಮಾತ್ರ ಬೇಕಾದವು. ಸುಟ್ಟ ಕಣ್ಣನ್ನು ಮನೆಯಲ್ಲಿಟ್ಟುಕೊಂಡು ಕಾಯುವವನಿಗೆ ಹೇಳಿದವಲ್ಲ.

ನೀವು ವೈದ್ಯರು ಹೇಳಿದ ನೋವಿನ ಮಾತ್ರೆ ನುಂಗಿ, ಮುಲಾಮು ಹಚ್ಚಿ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣನೆಯ ಒದ್ದೆ ಬಟ್ಟೆ ಇಟ್ಟು, ಕತ್ತಲೆ ಕೋಣೆಯಲ್ಲಿ ಮಲಗಿರಿ. (ಶೆಡ್ಡಿನವರು ಆಲೂಗಡ್ಡೆ ಹೋಳು ಇಡಲು ಹೇಳುತ್ತಾರೆ, ಕಣ್ಣೊಳಗೆ ಏನನ್ನೂ ಹಿಂಡಬೇಡಿ.) ಎರಡು ದಿನದಲ್ಲಿ ಇಳಿಯದಿದ್ದರೆ, ಅಥವಾ ದೃಷ್ಟಿ ಮಂಜಾದರೆ ಆ ದಿನವೇ, ಮಿಂಟೋದಂತಹ ಕಣ್ಣಾಸ್ಪತ್ರೆಗೆ ಹೋಗಿ. ಈಗಾಗಲೇ ಅಂತಹ ಹನಿ ಹಾಕಿಕೊಂಡಿದ್ದರೆ ಬಾಟಲಿಯನ್ನು ಜೊತೆಗೆ ಒಯ್ದು, ಕಣ್ಣು ಪರೀಕ್ಷಿಸುವ ಮೊದಲೇ ವೈದ್ಯರ ಮುಂದಿಡಿ.