ಕ್ಯಾಮೆರಾ ಭಯ ಮತ್ತು ಪತ್ರಿಕೋದ್ಯಮ ಎಂ.ಎ.: ಒಂದು ಆಪ್ತಸಲಹೆ ಪ್ರಕರಣ

(ವ್ಯಕ್ತಿಯ ಗುರುತು ಸಿಗದಂತೆ ಊರು, ಕುಟುಂಬ ಹಾಗೂ ವ್ಯಾಸಂಗದ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಕಲ್ಯಾಣ ಕರ್ನಾಟಕದ ಹಳ್ಳಿಯೊಂದರವರಾದ ಈ ವಿದ್ಯಾರ್ಥಿನಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ, ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಎಂ.ಎ.ಗೆ ಸೇರಿದ್ದರು. ಎರಡನೆಯ ಸೆಮಿಸ್ಟರಿನ ನಡುವೆ, ಅಧ್ಯಾಪಕಿಯೊಬ್ಬರ ಸೂಚನೆಯಂತೆ ನನ್ನಲ್ಲಿಗೆ ಬಂದರು. ಕೋರ್ಸ್ ಬಿಡುವ ತೀರ್ಮಾನ ಅದಾಗಲೇ ಆಗಿಹೋಗಿತ್ತು. "ಟಿ.ಸಿ. ತಗೊಂಡು ಹೋಗ್ತೀನ್ರಿ ಮೇಡಂ, ಮನ್ಯಾಗ ಹೆಂಗ ಹೇಳ್ಬೇಕು ಅನ್ನೋದಷ್ಟ ಹೇಳಿಕೊಡ್ರಿ" ಎಂಬುದಷ್ಟೇ ಅವರ ಕೋರಿಕೆ.

ಸಂವಹನ ಸಿದ್ಧಾಂತದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ಪದವಿಯಲ್ಲಿಯೇ ಪತ್ರಿಕೋದ್ಯಮ ಓದಿ ಬಂದ ಸಹಪಾಠಿಗಳು ಕ್ಯಾಮೆರಾ ಮುಂದೆ ನಿರರ್ಗಳವಾಗಿ ಮಾತನಾಡುವಾಗ ತಮಗೆ ಬಾಯಿ ಒಣಗುತ್ತದೆ. ಶುಲ್ಕ ಕಟ್ಟುತ್ತಿರುವ ಅಣ್ಣನಿಗೆ ತಂಗಿ ಬಿ.ಎಡ್. ಮಾಡಲಿಲ್ಲವೆಂಬ ಅಸಮಾಧಾನವಿದೆ. ಈ ಮೂರೂ ಒಂದರೊಳಗೊಂದು ಹೆಣೆದುಕೊಂಡು "ನಾನು ಇದಕ್ಕೆ ಲಾಯಕ್ಕಿಲ್ಲ" ಎಂಬ ಒಂದೇ ಮಾತಾಗಿ ಹೊರಬರುತ್ತಿದ್ದವು. ನಿದ್ರೆ, ಊಟ, ಸಾಯುವ ಯೋಚನೆಗಳ ಬಗ್ಗೆ ನೇರವಾಗಿಯೇ ಕೇಳಿದೆ. ಕ್ಯಾಮೆರಾ ತರಗತಿಯ ಹಿಂದಿನ ರಾತ್ರಿ ನಿದ್ರೆ ಬಾರದಿರುವುದನ್ನು ಬಿಟ್ಟರೆ ಮನೋವೈದ್ಯರ ಬಳಿಗೆ ಕಳುಹಿಸಬೇಕಾದ ಲಕ್ಷಣಗಳು ಕಾಣಲಿಲ್ಲ. ಆದರೂ ಅಗತ್ಯಬಿದ್ದರೆ ಇರಲಿ ಎಂದು ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಮುಂದಿನ ಭೇಟಿಗೆ ಟಿಪ್ಪಣಿ ಪುಸ್ತಕವನ್ನೂ, ವಿದ್ಯಾರ್ಥಿಗಳೇ ಹೊರತರುವ ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ಬರೆದ ವರದಿಯನ್ನೂ ತರಲು ಹೇಳಿದ್ದೆ. ಪುಸ್ತಕದಲ್ಲಿ ಪ್ರತಿಯೊಂದು ಇಂಗ್ಲಿಷ್ ಪದದ ನೆತ್ತಿಯ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದಿತ್ತು, ಆದರೆ ಅವರದೇ ಆದ ಒಂದು ವಾಕ್ಯವೂ ಇರಲಿಲ್ಲ. ವರದಿಯ ಕಥೆಯೇ ಬೇರೆ. ತಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತದ್ದು ಅದರ ವಿಷಯ: ಐದು ರೂಪಾಯಿ ನಾಣ್ಯ ನುಂಗಿಯೂ ನೀರು ಕೊಡದ ಯಂತ್ರ, ಖಾಲಿ ಕ್ಯಾನುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಪಕ್ಕದ ಊರಿಗೆ ಹೋಗುವ ಹುಡುಗರು, ತಿಂಗಳುಗಳಿಂದ ಗೌರವಧನ ಕಾಣದ ನಿರ್ವಾಹಕ, ಬದಲಾಯಿಸದೆ ಉಳಿದ ಫಿಲ್ಟರ್. ಇಷ್ಟನ್ನು ಯಾರು ಹೇಳಿದರೆಂದು ಕೇಳಿದಾಗ "ಯಾರೂ ತಾವಾಗಿ ಹೇಳ್ಲಿಲ್ರಿ, ನಾನ ಒಬ್ಬೊಬ್ಬರನ್ನ ಕೇಳೀನಿ" ಎಂದರು. ಮಾತನಾಡಲು ಬರುವುದಿಲ್ಲ ಎನ್ನುತ್ತಿದ್ದವರು ಅಷ್ಟು ಜನರನ್ನು ಮಾತನಾಡಿಸಿ ಬಂದಿದ್ದರು. ಅವರ ಭಯ ಜನರ ಬಗ್ಗೆಯಲ್ಲ, ತಮ್ಮನ್ನು ಯಾರೋ ನೋಡಿ ಅಳೆಯುತ್ತಿದ್ದಾರೆ ಎಂಬುದರ ಬಗ್ಗೆ ಎಂಬುದು ನನಗೆ ಸ್ಪಷ್ಟವಾಯಿತು. (ಪತ್ರಕರ್ತರೆಂದರೆ ಪರದೆಯ ಮೇಲಿನ ಮುಖ ಎಂಬ ನಂಬಿಕೆಯಿಂದ ನೊಂದು ಬರುವ ವಿದ್ಯಾರ್ಥಿಗಳಲ್ಲಿ ಇವರು ಮೊದಲಿಗರೇನಲ್ಲ.)

ಬಿಡಬೇಕೋ ಬೇಡವೋ ಎಂಬ ತೀರ್ಮಾನವನ್ನು ಸೆಮಿಸ್ಟರ್ ಪರೀಕ್ಷೆ ಮುಗಿಯುವವರೆಗೆ ಮುಂದೂಡಿ, ಅಲ್ಲಿಯತನಕ ಮೂರು ತೊಡಕುಗಳನ್ನು ಬೇರೆ ಬೇರೆಯಾಗಿ ನೋಡೋಣ ಎಂದು ಸಲಹೆ ನೀಡಿದೆ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವರ ವಿಶ್ವವಿದ್ಯಾಲಯದಲ್ಲಿ ಅವಕಾಶವಿತ್ತು. ಕೇಳಿದರೆ ದಡ್ಡಿ ಎಂದುಕೊಳ್ಳುತ್ತಾರೆಂಬ ಅಳುಕಿನಿಂದ ಅವರು ಅದನ್ನು ವಿಚಾರಿಸಿಯೇ ಇರಲಿಲ್ಲ. ಪದಕ್ಕೆ ಪದ ಅರ್ಥ ಬರೆಯುವುದನ್ನು ನಿಲ್ಲಿಸಿ, ಒಂದೊಂದು ಸಿದ್ಧಾಂತವನ್ನೂ ತಮ್ಮೂರಿನ ಉದಾಹರಣೆಯೊಂದಿಗೆ ಕನ್ನಡದಲ್ಲಿ ಐದಾರು ವಾಕ್ಯ ಬರೆಯಲು ಹೇಳಿದೆ. 1968ರ ಅಮೆರಿಕದ ಚುನಾವಣೆಯ ವೇಳೆ ಚಾಪೆಲ್ ಹಿಲ್‌ನ ಮತದಾರರನ್ನು ಅಧ್ಯಯನ ಮಾಡಿ ಸಂಶೋಧಕರಾದ ಮೆಕೂಂಬ್ಸ್ ಮತ್ತು ಶಾ 1972ರಲ್ಲಿ ಪ್ರಕಟಿಸಿದ, ಜನ ಯಾವ ವಿಷಯಗಳ ಬಗ್ಗೆ ಯೋಚಿಸಬೇಕೆಂಬುದನ್ನು ಮಾಧ್ಯಮಗಳು ರೂಪಿಸುತ್ತವೆ ಎನ್ನುವ ಅಜೆಂಡಾ ಸೆಟ್ಟಿಂಗ್ ಸಿದ್ಧಾಂತವನ್ನು, ಜಿಲ್ಲಾ ಪುಟದಲ್ಲಿ ನೀರಿನ ಸುದ್ದಿ ಬಂದ ವಾರ ಊರ ಕಟ್ಟೆಯ ಮೇಲಿನ ಮಾತು ಹೇಗೆ ಬದಲಾಗುತ್ತದೆಂಬುದರಿಂದ ಅವರು ವಿವರಿಸಿದರು. ಅಷ್ಟು ಚೆನ್ನಾಗಿ ನನಗೂ ಅದು ಮೊದಲು ಅರ್ಥವಾಗಿರಲಿಲ್ಲ.

ಕ್ಯಾಮೆರಾ ಭಯಕ್ಕೆ ಹಂತಹಂತದ ಅಭ್ಯಾಸ ಸಾಕಾಯಿತು: ಮೊದಲು ಮೊಬೈಲಿನಲ್ಲಿ ಧ್ವನಿ ಮಾತ್ರ, ಆಮೇಲೆ ಒಬ್ಬರೇ ಇದ್ದಾಗ ವಿಡಿಯೊ, ಕೊನೆಗೆ ಹಾಸ್ಟೆಲಿನ ಗೆಳತಿಯೊಬ್ಬಳ ಎದುರು. ತೆರೆಯ ಮೇಲೆ ಕಾಣಿಸಿಕೊಳ್ಳದೆಯೂ ಸುದ್ದಿಮನೆಯ ಡೆಸ್ಕ್ (ವರದಿಗಳನ್ನು ತಿದ್ದಿ ಸಿದ್ಧಪಡಿಸುವ ವಿಭಾಗ), ಸಮುದಾಯ ಬಾನುಲಿ, ಕೃಷಿ ವರದಿಗಾರಿಕೆ, ಸತ್ಯಶೋಧನೆಯಂಥ ಕೆಲಸಗಳಿವೆ ಎಂಬುದನ್ನೂ ತಿಳಿಸಿದೆ. ಪಂಚಾಯಿತಿ ಅಧಿಕಾರಿಗೆ ಕರೆ ಮಾಡಲು ಅಂಜುತ್ತಿದ್ದವರಿಗೆ ಅಧ್ಯಾಪಕಿ ಮಾಹಿತಿ ಹಕ್ಕು ಅರ್ಜಿಯ ದಾರಿ ತೋರಿಸಿದ್ದು ನನ್ನ ಸಲಹೆಗಿಂತ ಹೆಚ್ಚು ಕೆಲಸ ಮಾಡಿತೆನ್ನಬೇಕು. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು, ಎದುರಿಗೆ ಯಾರೂ ಇಲ್ಲ.

ಅಣ್ಣನ ವಿಷಯದಲ್ಲಿ ನಾನು ಮಧ್ಯೆ ಮಾತನಾಡಲು ಒಪ್ಪಲಿಲ್ಲ. ಅವರೇ ಮಾತನಾಡಬೇಕು, ಅದೂ ಹಣದ ಲೆಕ್ಕ ಮುಚ್ಚಿಡದೆ ಮಾತನಾಡಬೇಕು ಎಂದೆ. ಕನ್ನಡ ಪತ್ರಿಕೆಗಳಲ್ಲಿ ಆರಂಭದ ಸಂಬಳ ಕಡಿಮೆ ಎಂಬುದು ನಿಜ, ಅದನ್ನು ಮರೆಮಾಚಿ ಪಡೆದ ಒಪ್ಪಿಗೆ ಬಹಳ ದಿನ ನಿಲ್ಲದು. ಶಿಕ್ಷಕ ವೃತ್ತಿಯೇ ಮನೆಯವರ ಆಸೆಯಾದರೆ, ಎಂ.ಎ.ಯಲ್ಲಿ ಶೇ. 55, ಮೀಸಲು ವರ್ಗದವರಾದರೆ ಶೇ. 50 ಅಂಕ ಬಂದಲ್ಲಿ ಕಾಲೇಜು ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಗಳಾದ ಎನ್‌ಇಟಿ (ರಾಷ್ಟ್ರಮಟ್ಟದ್ದು), ಕೆ-ಸೆಟ್ (ರಾಜ್ಯದ್ದು) ಬರೆಯಬಹುದು. ಕೆ-ಸೆಟ್ ಪ್ರಶ್ನೆಗಳು ಕನ್ನಡದಲ್ಲಿಯೂ ಇರುತ್ತವೆ ಎಂಬ ವಿವರವನ್ನು ಅಣ್ಣನಿಗೆ ತಿಳಿಸಲೆಂದೇ ಬರೆದುಕೊಂಡು ಹೋದರು.

ಈಗ ಅವರು ಮೂರನೆಯ ಸೆಮಿಸ್ಟರಿನಲ್ಲಿದ್ದಾರೆ. ವಿಡಿಯೊ ವಿಷಯದಲ್ಲಿ ತೇರ್ಗಡೆಯಷ್ಟೇ ಆಗಿದ್ದಾರೆ, ಕ್ಯಾಮೆರಾ ಇಂದಿಗೂ ಇಷ್ಟವಿಲ್ಲ. ಇಂಟರ್ನ್‌ಶಿಪ್‌ಗೆ ದಿನಪತ್ರಿಕೆಯೊಂದರ ಜಿಲ್ಲಾ ಡೆಸ್ಕನ್ನು ಆರಿಸಿಕೊಂಡಿದ್ದಾರೆ. ಅಣ್ಣ ಪೂರ್ತಿ ಒಪ್ಪಿಲ್ಲ, ಎಂ.ಎ. ಮುಗಿಯುವವರೆಗೆ ಬಿ.ಎಡ್. ಮಾತೆತ್ತುವುದಿಲ್ಲ ಎಂದಷ್ಟೇ ಹೇಳಿದ್ದಾರೆ.