ಅಜ್ಜಿಯ ಅಜ್ಜ ಯುರೋಪಿನವನಂತೆ, ನಿಜವಾ? ಪತ್ತೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಅಮ್ಮನ ಅಮ್ಮ, ಅವರ ತಂದೆ, ಆ ತಂದೆಯ ತಂದೆ ಯುರೋಪಿನವನು ಅಂತ ಮನೆಯಲ್ಲಿ ಗುಸುಗುಸು ಇದೆ. ಒಬ್ಬಿಬ್ಬರಿಗೆ ಬೆಕ್ಕಿನ ಕಣ್ಣು ಬಂದಿರುವುದು ಅದಕ್ಕೇ ಅಂತಾರೆ. ನೀವು ಎಂಜಲು ಕೊಟ್ಟು ಡಿಎನ್‌ಎ ಟೆಸ್ಟ್ ಮಾಡಿಸಿದ್ದೀರಿ. ‘ಯುರೋಪ್ 2%’ ಅಂತ ಬಂದಿದೆ. ಅಜ್ಜಿ ಈಗಿಲ್ಲ, ಅವರ ತಮ್ಮ, ಅಂದರೆ ನಿಮ್ಮ ಚಿಕ್ಕಜ್ಜ, ಇದ್ದಾರೆ.

ಆ 2 ಪರ್ಸೆಂಟ್ ನೋಡಿ ಹೌದು ಅನ್ನುವುದಕ್ಕೂ ಆಗುವುದಿಲ್ಲ, ಇಲ್ಲ ಅನ್ನುವುದಕ್ಕೂ ಆಗುವುದಿಲ್ಲ. ಟೆಸ್ಟ್ ಮಾಡಿಸಬೇಕಾಗಿದ್ದು ನಿಮ್ಮದಲ್ಲ, ನಿಮ್ಮ ಚಿಕ್ಕಜ್ಜನದು.

ಲೆಕ್ಕ ಸುಲಭ. ಒಂದೊಂದು ತಲೆಮಾರಿಗೂ ಪೂರ್ವಜನ ಪಾಲು ಸರಾಸರಿ ಅರ್ಧಕ್ಕಿಳಿಯುತ್ತದೆ. ನಿಮಗೆ ಆ ವ್ಯಕ್ತಿ ನಾಲ್ಕು ತಲೆಮಾರು ಹಿಂದಿನವನು. ಅಂದರೆ ನಿಮ್ಮಲ್ಲಿ ಅವನ ಪಾಲು 6.25 ಪರ್ಸೆಂಟ್ ಆಸುಪಾಸು ಇರಬೇಕು. ಆದರೆ ಇದು ಸರಾಸರಿ ಮಾತ್ರ. ನಿಜದಲ್ಲಿ ಇದಕ್ಕಿಂತ ಎಷ್ಟೋ ಕಡಿಮೆಯೂ ಬರಬಹುದು, ಜಾಸ್ತಿಯೂ ಬರಬಹುದು. ಒಡಹುಟ್ಟಿದವರಲ್ಲೇ ಅಂಕಿ ಬೇರೆ ಬೇರೆ ಇರುತ್ತದೆ. ನಮ್ಮ ಮನೆಯಲ್ಲಿ ಅಕ್ಕನ ಫಲಿತಾಂಶದಲ್ಲಿದ್ದ ಒಂದು ಸಣ್ಣ ಚೂರು ನನ್ನದರಲ್ಲಿ ಪೂರ್ತಿ ನಾಪತ್ತೆ.

ಇನ್ನೊಂದು ಕಡೆಯಿಂದ ನೋಡಿದರೆ, ಯಾವ ಯುರೋಪಿಯನ್ನೂ ಇಲ್ಲದ ಮನೆಯಲ್ಲೂ 2 ಪರ್ಸೆಂಟ್ ಬರಬಹುದು. ಕಂಪನಿಗಳು ನಿಮ್ಮ ಡಿಎನ್‌ಎಯನ್ನು ತಮ್ಮ ಹತ್ತಿರ ಇರುವ ಮಾದರಿಗಳ ಜೊತೆ ಹೋಲಿಸುತ್ತವೆ, ಅಷ್ಟೇ. ಮಾದರಿ ಪಟ್ಟಿ ಬದಲಾದರೆ ಅದೇ ಎಂಜಲಿಗೆ ಬೇರೆ ಶೇಕಡಾ. ದಕ್ಷಿಣ ಏಷ್ಯಾದವರ ಡಿಎನ್‌ಎಯಲ್ಲಿ ಸಾವಿರಾರು ವರ್ಷ ಹಿಂದೆ ಯುರೇಷ್ಯಾದ ಸ್ಟೆಪ್ ಹುಲ್ಲುಗಾವಲುಗಳಲ್ಲಿದ್ದ ಜನರ ಪಾಲು ಇದೆ. ಅದೇ ಜನರ ಪಾಲು ಯುರೋಪಿನವರಲ್ಲೂ ಇದೆ. ಹಾಗಾಗಿ ಸಣ್ಣ ಅಂಕಿಗಳಲ್ಲಿ ಯಂತ್ರ ತಬ್ಬಿಬ್ಬಾಗುವುದು ಸಹಜ. ಬೆಕ್ಕಿನ ಕಣ್ಣನ್ನು ಸುಮ್ನೆ ಬಿಟ್ಟುಬಿಡಿ. ಅದು ಯಾವ ವಿದೇಶಿಯ ನೆಂಟಸ್ತನವೂ ಇಲ್ಲದ ಮನೆಗಳಲ್ಲೂ ಬರುತ್ತದೆ.

ಈಗ ಚಿಕ್ಕಜ್ಜನ ವಿಷಯ. ಅವರಿಗೆ ಆ ವ್ಯಕ್ತಿ ಸ್ವಂತ ಅಜ್ಜ. ಮಾತು ನಿಜವಾದರೆ ಅವರ ಫಲಿತಾಂಶದಲ್ಲಿ ಕಾಲು ಭಾಗದಷ್ಟು ಯುರೋಪ್ ಕಾಣಬೇಕು. ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ಆದರೆ 20ರ ಸುತ್ತಮುತ್ತ ಬಂದರೆ ಯಾರೂ ಅದನ್ನು ಯಂತ್ರದ ಗೊಂದಲ ಅನ್ನುವುದಿಲ್ಲ. 12ರ ಹತ್ತಿರ ಬಂದರೆ ಅದೂ ಒಂದು ಉತ್ತರವೇ: ಆತ ಪೂರ್ತಿ ಯುರೋಪಿನವನಲ್ಲ, ಅವನೇ ಮಿಶ್ರ ಸಂತಾನ, ಇಲ್ಲವೇ ಮನೆಯವರು ಒಂದು ತಲೆಮಾರು ತಪ್ಪಿ ಎಣಿಸಿದ್ದಾರೆ. 1 ಅಥವಾ 2 ಬಂದರೆ ಕಥೆ ಬಿತ್ತು ಅಂತಲೇ ಲೆಕ್ಕ.

ಚಿಕ್ಕಜ್ಜನಿಂದ ಇನ್ನೊಂದು ಅನುಕೂಲ ಇದೆ. ವೈ ಕ್ರೋಮೊಸೋಮ್ ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೇ ಹೋಗುತ್ತದೆ. ಅವರ ತಂದೆಯ ತಂದೆಯ ವೈ ಅವರಲ್ಲಿದೆ, ನಿಮ್ಮಲ್ಲಿ ಇಲ್ಲ. ವೈ ಟೆಸ್ಟ್ ಆ ಗಂಡುಸಾಲು ಯಾವ ಗುಂಪಿನದು ಅಂತ ಒಂದು ಹೆಸರು ಕೊಡುತ್ತದೆ. ಅದು ಆರ್1ಬಿ-ಎಂ269 ಅಂತ ಬಂದರೆ ಕಿವಿ ನಿಮಿರಬೇಕು. ಅದು ಪಶ್ಚಿಮ ಯುರೋಪಿನಲ್ಲಿ ಬಹಳ ಸಾಮಾನ್ಯ, ದಕ್ಷಿಣ ಏಷ್ಯಾದಲ್ಲಿ ಅಪರೂಪ. ಆರ್1ಎ ಬಂದರೆ ಕುಣಿದಾಡಬೇಡಿ. ಅದು ಎರಡೂ ಕಡೆ ಧಾರಾಳವಾಗಿದೆ. ಅದರ ಒಳಕವಲು ನೋಡಬೇಕು: ಝಡ್93 ಆದರೆ ಹೆಚ್ಚಾಗಿ ಏಷ್ಯಾದ್ದು, ಝಡ್283 ಆದರೆ ಯುರೋಪಿನದ್ದು. ಅಗ್ಗದ ಟೆಸ್ಟುಗಳು ಎಷ್ಟೋ ಸಲ ಮೇಲಿನ ಹೆಸರಷ್ಟೇ ಹೇಳಿ ಕೈಬಿಡುತ್ತವೆ, ಜನ ಅಲ್ಲೇ ಎಡವುತ್ತಾರೆ.

ವೈ ಟೆಸ್ಟ್ ವಂಶ ಹೇಳುತ್ತದೆ, ವ್ಯಕ್ತಿಯನ್ನು ಹೇಳುವುದಿಲ್ಲ. ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್‌ಗೆ ಅವನ ಮನೆಯ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳಲ್ಲಿ ಮಕ್ಕಳಾದವು ಅಂತ ಸುಮಾರು 200 ವರ್ಷ ಮಾತಿತ್ತು. 1998ರಲ್ಲಿ ಪರೀಕ್ಷೆ ಆಯಿತು. ಜೆಫರ್ಸನ್‌ನ ಗಂಡು ಸಂತತಿ ಮುಂದುವರಿಯಲಿಲ್ಲವಾದ್ದರಿಂದ ಅವನ ಚಿಕ್ಕಪ್ಪ-ದೊಡ್ಡಪ್ಪಂದಿರ ಕಡೆಯ ಗಂಡಸರ ರಕ್ತ ತೆಗೆದರು. ಸ್ಯಾಲಿಯ ಕೊನೆಯ ಮಗ ಈಸ್ಟನ್‌ನ ವಂಶಸ್ಥನ ವೈ ಅದಕ್ಕೆ ತಾಳೆಯಾಯಿತು. ಜೆಫರ್ಸನ್‌ನ ಅಕ್ಕ-ತಂಗಿಯ ಮಕ್ಕಳೇ ತಂದೆ ಅನ್ನುತ್ತಿದ್ದವರ ವಾದ ಈಸ್ಟನ್ ಮಟ್ಟಿಗೆ ಬಿದ್ದುಹೋಯಿತು. ಆದರೂ ಅದು ಥಾಮಸ್ ಅವನೇ, ತಮ್ಮನಲ್ಲ ಅಂತ ತೋರಿಸಿದ್ದು ವೈ ಅಲ್ಲ. ಸ್ಯಾಲಿ ಗರ್ಭಿಣಿಯಾದ ಸಮಯಗಳಲ್ಲಿ ಯಾರು ಮನೆಯಲ್ಲಿದ್ದರು ಅನ್ನುವ ಹಳೆಯ ಕಾಗದಗಳು. ಅದೇ ಪರೀಕ್ಷೆಯಲ್ಲಿ ಇನ್ನೊಂದು ಮನೆತನ, ವುಡ್‌ಸನ್‌ಗಳು, ಅಷ್ಟೇ ಗಟ್ಟಿಯಾಗಿ ನಾವೂ ಜೆಫರ್ಸನ್ ಸಂತತಿ ಅಂತ ನಂಬಿದ್ದವರು. ಅವರದು ತಾಳೆಯಾಗಲಿಲ್ಲ. ಎರಡೂ ಮನೆಯವರ ನಂಬಿಕೆ ಒಂದೇ ತೂಕದ್ದು, ನೋಡಿ.

ಹೆಣ್ಣಿನ ಕಡೆಯ ಮಾತಾಗಿದ್ದರೆ ತಾಯಿಯಿಂದಷ್ಟೇ ಮಕ್ಕಳಿಗೆ ಬರುವ ಮೈಟೋಕಾಂಡ್ರಿಯದ ಡಿಎನ್‌ಎ ನೋಡಬೇಕಿತ್ತು. ಬ್ರಿಟನ್ನಿನ ರಾಜಕುಮಾರ ವಿಲಿಯಂ ವಿಷಯದಲ್ಲಿ ಆಗಿದ್ದು ಅದೇ. ಅವನ ತಾಯಿ, ತಾಯಿಯ ತಾಯಿ ಅಂತ ಏಳು ತಲೆಮಾರು ಹಿಂದೆ ಹೋದರೆ ಸೂರತ್‌ನ ಎಲೈಜಾ ಕೆವಾರ್ಕ್ ಸಿಗುತ್ತಾಳೆ. ಅವಳು ಅರ್ಮೇನಿಯದವಳು ಅಂತ ಹೇಳಿಕೊಂಡು ಬಂದಿದ್ದರು. 2013ರಲ್ಲಿ ಆ ಸಾಲಿನ ದೂರದ ನೆಂಟರ ಎಂಜಲು ಪರೀಕ್ಷಿಸಿದಾಗ ಸಿಕ್ಕಿದ್ದು ಆರ್30ಬಿ, ದಕ್ಷಿಣ ಏಷ್ಯಾದ ಗುಂಪು. ಹಾಗಂತ ಅವಳ ತಂದೆ ಅರ್ಮೇನಿಯದವನಾಗಿರಲಿಲ್ಲ ಅಂತ ಅಲ್ಲ, ಈ ಟೆಸ್ಟ್ ಅವಳ ತಾಯಿಯ ಕಡೆ ಮಾತ್ರ ನೋಡುತ್ತದೆ. ನಿಮ್ಮದು ಗಂಡಸಿನ ಮಾತು, ಇದಕ್ಕೆ ದುಡ್ಡು ಸುರಿಯಬೇಡಿ.

ಆ ವ್ಯಕ್ತಿಯ ಹೆಸರು ಬೇಕಾದರೆ ಶೇಕಡಾವಾರು ಚಿತ್ರ ಬಿಟ್ಟು, ಡಿಎನ್‌ಎ ಹೊಂದುವವರು ಅಂತ ಕಂಪನಿ ತೋರಿಸುವ ನೆಂಟರ ಪಟ್ಟಿ ತೆರೆಯಿರಿ. ಆ ವ್ಯಕ್ತಿಗೆ ಒಬ್ಬ ಅಣ್ಣನೋ ತಂಗಿಯೋ ಇದ್ದು, ಅವರ ಮೊಮ್ಮಗ ಟೆಸ್ಟ್ ಮಾಡಿಸಿದ್ದರೆ ಚಿಕ್ಕಜ್ಜನಿಗೆ ಸುಮಾರು 200 ಸೆಂಟಿಮಾರ್ಗನ್ (ಇಬ್ಬರಲ್ಲಿ ಎಷ್ಟು ಡಿಎನ್‌ಎ ಒಂದೇ ಅಂತ ಹೇಳುವ ಅಳತೆ) ಹೊಂದಾಣಿಕೆ ತೋರಿಸಬೇಕು. ಅಂಥವರ ವಂಶವೃಕ್ಷದಲ್ಲಿ ಯಾವ ಮನೆತನದ ಹೆಸರು, ಯಾವ ಊರು ಮತ್ತೆ ಮತ್ತೆ ಬರುತ್ತದೆ ಅಂತ ನೋಡಿ. ಆಮೇಲೆ ಕಾಗದ: ಜನನ, ಮದುವೆ, ಉಯಿಲು, ಹಡಗಿನ ಪ್ರಯಾಣಿಕರ ಪಟ್ಟಿ. ನನಗೆ ಉಯಿಲು ಎಲ್ಲಕ್ಕಿಂತ ಇಷ್ಟ. ಬದುಕಿದ್ದಾಗ ಬಾಯಿ ಬಿಡದವರೂ ಅಲ್ಲಿ ಒಂದು ಮಗುವಿನ ಹೆಸರು ಬರೆದು ಹೋಗಿರುತ್ತಾರೆ. ಜನಗಣತಿಯಲ್ಲಿ ಬರೆದ ಜನಾಂಗವನ್ನು ಮಾತ್ರ ವೇದವಾಕ್ಯ ಅಂದುಕೊಳ್ಳಬೇಡಿ. ಅಮೆರಿಕದ ಗಣತಿಗೆ ‘ಮುಲಾಟೊ’ (ಕಪ್ಪು-ಬಿಳಿ ಮಿಶ್ರ ಸಂತಾನ) ಅನ್ನುವ ವರ್ಗ 1850ರಲ್ಲಿ ಬಂತು, 1930ರ ಹೊತ್ತಿಗೆ ಹೋಯಿತು. ಗಣತಿಗೆ ಬಂದವನು ಮುಖ ನೋಡಿ ಬರೆಯುತ್ತಿದ್ದ ಮಾತದು.

ಗಾಳಿಮಾತು ಪೂರ್ತಿ ಸುಳ್ಳಾಗುವುದು ಕಡಿಮೆ, ದಿಕ್ಕು ತಪ್ಪುವುದು ಜಾಸ್ತಿ. ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಮೆಲಂಜನ್ ಕುಟುಂಬಗಳು ನಾವು ಪೋರ್ಚುಗೀಸರು ಅನ್ನುತ್ತಿದ್ದವು. 2012ರ ಡಿಎನ್‌ಎ ಅಧ್ಯಯನದಲ್ಲಿ ಕಂಡಿದ್ದು ಹೆಚ್ಚಾಗಿ ಆಫ್ರಿಕದ ಗಂಡಸರ, ಯುರೋಪಿನ ಹೆಂಗಸರ ಸಾಲುಗಳು. ಕಪ್ಪು ವರ್ಣದವರು ಅನ್ನಿಸಿಕೊಂಡರೆ ಹಕ್ಕುಗಳೇ ಹೋಗುತ್ತಿದ್ದ ಕಾಲ ಅದು. ಕಥೆ ಯಾಕೆ ಹುಟ್ಟಿತು ಅಂತ ನಿಮಗೇ ಗೊತ್ತಾಗುತ್ತದೆ, ಅಲ್ವಾ? ನಿಮ್ಮ ಮನೆಯ ಮಾತನ್ನೂ ಹಾಗೆ ಕೇಳಿ: ಮೊದಲು ಹೇಳಿದವರು ಯಾರು, ಹೆಮ್ಮೆಯಿಂದಲೋ ಚುಚ್ಚುವುದಕ್ಕೋ?

ಚಿಕ್ಕಜ್ಜನ ಹತ್ತಿರ ಎಂಜಲು ಕೇಳುವ ಮೊದಲು ಅವರಿಗೆ ನೆನಪಿರುವುದನ್ನೆಲ್ಲ ಹೇಳಿಸಿ, ರೆಕಾರ್ಡ್ ಮಾಡಿಕೊಳ್ಳಿ. ಫಲಿತಾಂಶ ಬಂದ ಮೇಲೆ ನೆನಪೂ ಅದಕ್ಕೆ ತಕ್ಕಂತೆ ವಾಲುತ್ತದೆ. ಗೊತ್ತಿಲ್ಲದ ಮಕ್ಕಳು, ತಂದೆ ಬೇರೆ ಅನ್ನುವ ಸುದ್ದಿ ಕೂಡ ಬರಬಹುದು ಅಂತ ಮೊದಲೇ ತಿಳಿಸಿ. ಡೇಟಾ ವಿಷಯವನ್ನೂ ಹೇಳಿ. ಡಿಎನ್‌ಎ ಟೆಸ್ಟ್ ಮಾಡುವ ಕಂಪನಿ 23ಆ್ಯಂಡ್‌ಮಿಯಿಂದ 2023ರಲ್ಲಿ 69 ಲಕ್ಷ ಜನರ ಮಾಹಿತಿ ಸೋರಿತ್ತು, 2025ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅವರು ಬೇಡ ಅಂದರೆ ಒತ್ತಾಯ ಬೇಡ. ಅವರಿಗೆ ಮಗ ಇದ್ದು, ಅವನು ಒಪ್ಪಿದರೆ ಅವನಲ್ಲೂ ಅದೇ ವೈ ಇರುತ್ತದೆ. 25ರ ಬದಲು 12.5 ನಿರೀಕ್ಷಿಸಿ.