ಪೈಥಾನ್ ರೆಜೆಕ್ಸ್ ಕೈಯಲ್ಲಿ ‘ಬೆಂಗಳೂರು’ ಮೂರು ಚೂರಾಗುವುದೇಕೆ?

ಪ್ರಶ್ನೆ: ಕನ್ನಡ ಕಥೆಗಳಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸುವ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪೈಥಾನ್‌ನ ರೆಜೆಕ್ಸ್ (ಪಠ್ಯದಲ್ಲಿ ಮಾದರಿ ಹುಡುಕುವ ಸಾಧನ) ಲೈಬ್ರರಿಯಾದ ಆರ್‌ಇ ಮಾಡ್ಯೂಲ್‌ನಲ್ಲಿ, ಪದಗಳನ್ನು ಹೆಕ್ಕುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ ಪ್ಲಸ್’ ಕೊಟ್ಟರೆ ‘ಬೆಂಗಳೂರು’ ಎಂಬುದು ‘ಬ’, ‘ಗಳ’, ‘ರ’ ಎಂದು ಚೂರಾಗುತ್ತದೆ. ಇಂಗ್ಲಿಷ್ ಪದಗಳಿಗೆ ಏನೂ ಆಗುವುದಿಲ್ಲ. ತಪ್ಪು ನನ್ನದಾ, ಪೈಥಾನ್‌ದಾ? ಲೈಬ್ರರಿಯಲ್ಲೇ ಸರಿಮಾಡಲು ಆಗುವುದಿಲ್ಲವೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ಲೈಬ್ರರಿ ‘ಅಕ್ಷರ’ ಎಂದರೆ ಏನೆಂದುಕೊಂಡಿದೆಯೋ ಅಲ್ಲೇ ತೊಡಕಿದೆ.

ಶಾಲೆಯಲ್ಲಿ ‘ಬ ಎತ್ವ ಬೆ’ ಎಂದು ಕಲಿತಿದ್ದೇವೆ, ಅಲ್ವಾ? ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್ ಕೂಡ ಹಾಗೆಯೇ ‘ಬ’ ಬೇರೆ, ಎತ್ವ ಬೇರೆ ಎಂದು ಎರಡು ಸಂಕೇತ ಇಡುತ್ತದೆ. ‘ಬ’ ಅಕ್ಷರದ ಗುಂಪಿನಲ್ಲಿದೆ. ಎತ್ವ, ಕೊಂಬು, ಸೊನ್ನೆ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರ ಚಿಹ್ನೆ ಇವೆಲ್ಲ ‘ಮಾರ್ಕ್’ ಎಂಬ ಬೇರೆ ಗುಂಪಿನಲ್ಲಿವೆ. ಪೈಥಾನ್ ಒಂದೊಂದು ಸಂಕೇತಕ್ಕೂ ಎರಡೇ ಪ್ರಶ್ನೆ ಕೇಳುತ್ತದೆ: ಇದು ಅಕ್ಷರವೋ ಅಂಕಿಯೋ? ಅಲ್ಲದಿದ್ದರೆ ಅಂಡರ್‌ಸ್ಕೋರಾ? ಎತ್ವಕ್ಕೆ ಎರಡಕ್ಕೂ ‘ಇಲ್ಲ’ ಎಂಬ ಉತ್ತರ. ಪದ ಅಲ್ಲೇ ಮುರಿಯುತ್ತದೆ.

ಎಣಿಕೆ ತಪ್ಪುವುದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ‘ಪದವೂ ಅಲ್ಲದ, ಖಾಲಿ ಜಾಗವೂ ಅಲ್ಲದ ಎಲ್ಲವನ್ನೂ ಅಳಿಸಿ’ ಎಂಬ ಒಂದು ಸಾಲನ್ನು ಪೂರ್ಣವಿರಾಮ, ಅಲ್ಪವಿರಾಮ ತೆಗೆಯಲು ಎಲ್ಲರೂ ಬಳಸುತ್ತಾರೆ. ಕನ್ನಡಕ್ಕೆ ಅದನ್ನೇ ಓಡಿಸಿದರೆ ‘ಬೆಂಗಳೂರು’ ‘ಬಗಳರ’ ಆಗುತ್ತದೆ, ‘ಕನ್ನಡ’ ‘ಕನನಡ’ ಆಗುತ್ತದೆ. ಎರರ್ ಬರುವುದಿಲ್ಲ. ಸುಮ್ನೆ ಕಾಗುಣಿತ ಮಾಯ. ಅದಕ್ಕೇ ಇದು ನನಗೆ ತುಂಬ ಬೇಸರ ತರಿಸುವ ಬಗ್.

ಇದು ಹೊಸದೂ ಅಲ್ಲ. ದೇವನಾಗರಿ ಪದಗಳು ಹೀಗೇ ಚೂರಾಗುತ್ತವೆ ಎಂಬ ದೂರು 2007ರಲ್ಲೇ ಪೈಥಾನ್‌ನ ಬಗ್ ಪಟ್ಟಿ ಸೇರಿದೆ. ಯುನಿಕೋಡ್‌ನ ರೆಜೆಕ್ಸ್ ಮಾರ್ಗಸೂಚಿಯೂ ಪದದ ಲೆಕ್ಕದಲ್ಲಿ ಮಾರ್ಕ್‌ಗಳನ್ನು ಸೇರಿಸಲು ಹೇಳುತ್ತದೆ. ಇನ್ನೂ ಒಂದು ಮಾತು: ಪೈಥಾನ್ 3ರಲ್ಲಿ ‘ಬೆಂಗಳೂರು’ ಎಂದೇ ವೇರಿಯೇಬಲ್‌ಗೆ ಹೆಸರಿಡಬಹುದು. ಭಾಷೆ ಅದನ್ನು ಒಂದೇ ಹೆಸರಾಗಿ ಒಪ್ಪುತ್ತದೆ. ಅದೇ ಭಾಷೆಯ ರೆಜೆಕ್ಸ್ ಒಪ್ಪುವುದಿಲ್ಲ!

ಸದ್ಯಕ್ಕೆ ಹೀಗೆ ಮಾಡಿ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ. ಸಂಖ್ಯೆ ಕೊಟ್ಟರೆ ಅಕ್ಷರ ಕೊಡುವ ಸಿಎಚ್‌ಆರ್ ಫಂಕ್ಷನ್‌ನಿಂದ ಮೊದಲ ಮತ್ತು ಕೊನೆಯ ಸಂಕೇತ ಪಡೆದು, ನಡುವೆ ಅಡ್ಡಗೆರೆ ಹಾಕಿ ಚೌಕ ಕಂಸದೊಳಗೆ ಇಟ್ಟು, ಕಂಸದ ನಂತರ ಪ್ಲಸ್ ಹಾಕಿ. ಕಂಸದೊಳಗೇ ಜೊತೆಗೆ 8204 ಮತ್ತು 8205 ಸೇರಿಸಿ. ಇವು ಕಣ್ಣಿಗೆ ಕಾಣದ ಜೋಡಣೆ ಚಿಹ್ನೆಗಳು. ‘ಸಾಫ್ಟ್‌ವೇರ್’ ಪದದ ‘ಟ್’ ಮತ್ತು ‘ವೇ’ ನಡುವೆ 8204 ಕೂತಿದೆ. ಅದನ್ನು ಬಿಟ್ಟರೆ ಆ ಪದ ಎರಡಾಗುತ್ತದೆ. ಇಲ್ಲವೇ ಪೈಥಾನ್ ಪ್ಯಾಕೇಜ್ ಹಾಕಿಕೊಡುವ ಪಿಪ್‌ನಲ್ಲಿ ಸಿಗುವ ‘ರೆಜೆಕ್ಸ್’ ಪ್ಯಾಕೇಜ್ ಹಾಕಿಕೊಳ್ಳಿ. ಅದು ಕಾಗುಣಿತವನ್ನು ಪದದ ಭಾಗವೆಂದೇ ನೋಡುತ್ತದೆ.

ಇನ್ನು ಲೈಬ್ರರಿ ತಿದ್ದುವ ಮಾತು. ಆ ಎರಡು ಪ್ರಶ್ನೆಗಳ ಪರೀಕ್ಷೆ ಸಿ ಭಾಷೆಯ ಕೋಡ್‌ನಲ್ಲಿ ಒಂದು ಸಾಲಿನಷ್ಟೇ ಇದೆ. ಸಾಲು ಬದಲಿಸುವುದು ಸುಲಭ, ಅದರ ಪರಿಣಾಮ ಹೊರುವುದು ಕಷ್ಟ. ಪದದ ಗಡಿ ಗುರುತಿಸುವ ‘ಬ್ಯಾಕ್‌ಸ್ಲ್ಯಾಶ್ ಬಿ’ ಕೂಡ ಅದನ್ನೇ ನಂಬಿದೆ. ಹಳೆಯ ನಡೆಯನ್ನೇ ನೆಚ್ಚಿಕೊಂಡ ಪ್ರೋಗ್ರಾಂಗಳ ಫಲಿತಾಂಶ ಒಮ್ಮೆಲೇ ಬದಲಾಗುತ್ತದೆ. ಜಾವಾದಲ್ಲಿ ‘ಡಬ್ಲ್ಯೂ’ ಮತ್ತು ‘ಬಿ’ ಒಂದಕ್ಕೊಂದು ಹೊಂದದೆ ಇದ್ದುದನ್ನು 2022ರ ಜಾವಾ 19ರಲ್ಲಿ ಸರಿಪಡಿಸಿದರು. ಆಗಲೂ ‘ಬಿ’ ಯುನಿಕೋಡ್ ಅಕ್ಷರಗಳನ್ನೂ ಗಮನಿಸಬೇಕು ಎನ್ನುವವರಿಗೆ ಒಂದು ಫ್ಲ್ಯಾಗ್ (ಬೇಕಾದವರು ಹಾಕಿಕೊಳ್ಳುವ ಆಯ್ಕೆ) ದಾರಿ ಇತ್ತು. ನನ್ನ ಮಟ್ಟಿಗೆ ಪೈಥಾನ್‌ಗೂ ಅಂಥ ದಾರಿಯೇ ಸರಿ: ಹೊಸ ಅರ್ಥ ಬೇಕಾದವರು ಫ್ಲ್ಯಾಗ್ ಹಾಕಿಕೊಳ್ಳಲಿ, ಉಳಿದವರ ಕೋಡ್ ಮುರಿಯದಿರಲಿ.

ನೀವು ಕೈಹಾಕುವುದಾದರೆ ಮೊದಲು ತಿದ್ದುಪಡಿ ಬರೆಯಬೇಡಿ, ಸೋಲುವ ಪರೀಕ್ಷೆ ಬರೆಯಿರಿ. ‘ಬೆಂಗಳೂರು’, ‘ಕನ್ನಡ’, ‘ಸಾಫ್ಟ್‌ವೇರ್’ ಮೂರನ್ನೂ ಇಡಿ. ಎತ್ವ, ಒತ್ತಕ್ಷರ, ಕಾಣದ ಚಿಹ್ನೆ ಮೂರೂ ಅವುಗಳಲ್ಲಿವೆ. ಜೊತೆಗೆ ಒಂದು ತಮಿಳು, ಒಂದು ಹಿಂದಿ ಪದವೂ ಇರಲಿ. ಆಗ ಇದು ಕನ್ನಡದವರೊಬ್ಬರ ದೂರು ಮಾತ್ರ ಅಲ್ಲ ಎಂಬುದು ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ.